ಹುದುಗು ತೊಟ್ಟಿಯಲ್ಲಿ ಆಮ್ಲಜನಕದ ಸಮಸ್ಯೆ

ಉದ್ಯಮಗಳ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ನಿರೂಪಿಸುವುದು ವಾಡಿಕೆ. ಹುದುಗುವಿಕೆಯ ಉದ್ಯಮದ ವಿಷಯದಲ್ಲಾದರೋ ಅದನ್ನು ಗಾಳಿಯ ಚರಿತ್ರೆಯೆಂದು ಕರೆದರೂ ಸಲ್ಲುತ್ತದೆ.

ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳುಂಟೆಂದು ಲೂಯಿ ಪಾಸ್ಚರನು 1861ರಲ್ಲಿ ತೋರಿಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಸಿಟೋನನ್ನು ತಯಾರಿಸಿಕೊಟ್ಟುದು ಇಂತಹ ಜೀವಿಗಳೇ. ಅಲ್ಲಿ ಗಾಳಿಯನ್ನು ಹೊರಗಿಡುವುದು ಮುಖ್ಯವಾಗಿದ್ದಿತು. ಪೆನಿಸಿಲಿನ್ನಿನ ತಯಾರಿಕೆಯಲ್ಲಿ ಈ ಕ್ರಮವು ವಿಪರ್ಯಾಸಗೊಂಡಿತು. ಆ ಬೂಷ್ಟಿಗೆ ಗಾಳಿ ಅತ್ಯವಶ್ಯಕ. ಆದುದರಿಂದ ಆಳವಾದ ತೊಟ್ಟಿಗಳಲ್ಲಿ ಶುದ್ಧವಾದ ಗಾಳಿಯನ್ನು ಊದಿ ದ್ರವವನ್ನು ಕಲಕುವ ವಿಧಾನವು 1944ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು.

ವಂಶವಾಹಿಗಳನ್ನು ಜೋಡಿಸುವ ವಿದ್ಯೆ ಬಂದ ಮೇಲೆ ಇದೇ ಸಮಸ್ಯೆ ಮತ್ತಷ್ಟು ಬಿಗಿಯಾಯಿತು. ಎಷರೀಷಿಯ ಕೋಲೈ ಎಂಬ ಬ್ಯಾಕ್ಟೀರಿಯದಿಂದ ಪಡೆದ ಮಾನವ ಇನ್ಸುಲಿನ್ನಿಗೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದುವರೆಗೆ ರೋಗಿಗಳು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ನನ್ನೇ ಅವಲಂಬಿಸಿದ್ದರು.

ಈ ಜೀವಿಯು ಗಾಳಿಯಿಲ್ಲದೆಯೂ ಬದುಕಬಲ್ಲುದು. ಆದರೆ ಬದುಕುವುದು ಬೇರೆ, ದುಡಿಯುವುದು ಬೇರೆ. ಆಮ್ಲಜನಕ ಸಾಲದಾದಾಗ ಅದು ಸಕ್ಕರೆಯನ್ನು ಅಸಿಟಿಕ್, ಫಾರ್ಮಿಕ್ ಮುಂತಾದ ಆಮ್ಲಗಳನ್ನಾಗಿ ಮಾರ್ಪಡಿಸುತ್ತದೆ. ಆಗ ದೊರೆಯುವ ಶಕ್ತಿ ಅತ್ಯಲ್ಪ. ಅಸಿಟಿಕ್ ಆಮ್ಲವು ಹೆಚ್ಚಿದಂತೆಲ್ಲ ಬೆಳವಣಿಗೆಯೂ ಕುಂಠಿತವಾಗುವುದು. ಪರಕೀಯ ಪ್ರೋಟೀನನ್ನು ತಯಾರಿಸುವ ಹೊರೆ ಹೊತ್ತ ಜೀವಿಗೆ ಈ ನಷ್ಟವು ಅಧಿಕ.

ಕೊರತೆಯ ಮೂಲವು ನೀರಿನ ಗುಣದಲ್ಲಿಯೇ ಇದೆ. ಒಂದು ಲೀಟರ್ ನೀರಿನಲ್ಲಿ ಸಕ್ಕರೆಯು ನೂರಾರು ಗ್ರಾಂ ಕರಗುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಆಮ್ಲಜನಕವು ಕರಗುವುದು ಸುಮಾರು 7 ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಜೀವಿಸಮೂಹವು ಅದನ್ನು ಕೆಲವೇ ಕ್ಷಣಗಳಲ್ಲಿ ಮುಗಿಸಿಬಿಡುತ್ತದೆ. ದೊಡ್ಡ ತೊಟ್ಟಿಯಲ್ಲಿ ಗಾಳಿಯು ಎಲ್ಲೆಡೆಗೂ ಸಮನಾಗಿ ಹರಡುವುದಿಲ್ಲ. ಪ್ರಯೋಗಶಾಲೆಯ ಸೀಸೆಯಲ್ಲಿ ಸಫಲವಾದ ತಳಿಯು ಕಾರ್ಖಾನೆಯಲ್ಲಿ ಸೋಲುವುದಕ್ಕೆ ಇದು ಒಂದು ಪ್ರಮುಖ ಕಾರಣ.

ಊದುವ ಗಾಳಿಯನ್ನು ಹೆಚ್ಚಿಸುವುದು, ಕಲಕುವ ವೇಗವನ್ನು ಏರಿಸುವುದು, ಸಕ್ಕರೆಯನ್ನು ಮಿತವಾಗಿ ಉಣಿಸುವುದು ಇವು ಪ್ರಸಿದ್ಧವಾದ ಪರಿಹಾರಗಳು. ಮೊದಲೆರಡಕ್ಕೆ ವಿದ್ಯುತ್ತಿನ ವೆಚ್ಚ ಅಪಾರ. 1988ರಲ್ಲಿ ಚೈತನ್ ಖೋಸ್ಲಾ ಮತ್ತು ಜೇಮ್ಸ್ ಬೈಲಿ ಇವರು ಬೇರೊಂದು ಮಾರ್ಗವನ್ನು ತೋರಿದರು. ವಿಟ್ರಿಯೊಸಿಲ್ಲ ಎಂಬ ಬ್ಯಾಕ್ಟೀರಿಯವು ಆಮ್ಲಜನಕ ವಿರಳವಾದೆಡೆಗಳಲ್ಲಿಯೂ ಬಾಳುತ್ತದೆ. ಅದರಲ್ಲಿ ನಮ್ಮ ರಕ್ತದಲ್ಲಿರುವಂತಹುದೇ ಒಂದು ಬಗೆಯ ಹಿಮೋಗ್ಲೋಬಿನ್ ಇದೆ. ಅದರ ವಂಶವಾಹಿಯನ್ನು ಎಷರೀಷಿಯ ಕೋಲೈಗೆ ಸೇರಿಸಿದಾಗ, ಆಮ್ಲಜನಕದ ಕೊರತೆಯಲ್ಲಿಯೂ ಅದರ ಬೆಳವಣಿಗೆ ಸುಧಾರಿಸಿತು.

ಇದರಿಂದ ಗಾಳಿಯನ್ನು ಊದುವ ಅಗತ್ಯವು ತಪ್ಪಿತೆಂದಲ್ಲ. ತೊಟ್ಟಿಯನ್ನು ಜೀವಿಗೆ ಹೊಂದಿಸುತ್ತ ಬಂದ ಉದ್ಯಮವು ಜೀವಿಯನ್ನೂ ತೊಟ್ಟಿಗೆ ಹೊಂದಿಸಬಹುದೆಂಬುದನ್ನು ಕಂಡುಕೊಂಡಿತು. ಅದೇ ತೊಟ್ಟಿಯಿಂದ ಎಷ್ಟು ಔಷಧ ದೊರೆಯುವುದು, ಅದಕ್ಕೆ ಎಷ್ಟು ವೆಚ್ಚ ತಗಲುವುದು ಎಂಬ ಪ್ರಶ್ನೆಗಳಿಗೆ ಇಂದಿಗೂ ಬಹುಮಟ್ಟಿಗೆ ಈ ಹೊಂದಾಣಿಕೆಯೇ ಉತ್ತರವನ್ನು ಕೊಡಬೇಕಾಗಿದೆ.