ಸಂಜೆಗೆ ಬರುವ ಕಾಯಿಲೆ

ಮಕ್ಕಳೇ, ಮೊದಲು ಒಂದು ಒಗಟು. ಬೆಳಿಗ್ಗೆ ಇರುವುದಿಲ್ಲ, ಸಂಜೆಗೆ ಬರುತ್ತದೆ. ದುಡಿದರೆ ಹೆಚ್ಚುತ್ತದೆ, ಮಲಗಿ ಎದ್ದರೆ ಕಡಿಮೆಯಾಗುತ್ತದೆ. ಡಾಕ್ಟರ ಮುಂದೆ ಹೋಗಿ ಕುಳಿತರೆ ಮಾಯವಾಗಿರುತ್ತದೆ. ಏನದು?

ಈ ಒಗಟನ್ನು ಬಿಡಿಸಲು ನಮ್ಮ ಮನೆಯವರಿಗೆ ಏಳು ತಿಂಗಳು ಬೇಕಾಯಿತು. ಅದರಲ್ಲಿ ದೊಡ್ಡ ಪಾಲು ಏಳನೆಯ ತರಗತಿಯ ನನ್ನ ಮೊಮ್ಮಗಳದು.

ನನಗೀಗ 69 ವರ್ಷ. ಧಾರವಾಡದ ಹತ್ತಿರದ ಒಂದು ಊರಿನಲ್ಲಿ ಗಣಿತದ ಮಾಸ್ತರನಾಗಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಎರಡು ವರ್ಷದ ಹಿಂದೆ, ಸಂಜೆ ಪೇಪರು ಓದುವಾಗ ಒಂದೊಂದು ಸಾಲೂ ಎರಡೆರಡಾಗಿ ಕಾಣತೊಡಗಿತು. ಒಂದು ಕಣ್ಣು ಮುಚ್ಚಿದರೆ ಸಾಲು ಮತ್ತೆ ಒಂದೇ ಆಗುತ್ತಿತ್ತು. ಕನ್ನಡಕದ ನಂಬರು ಬದಲಾಯಿತು, ತೊಂದರೆ ಬದಲಾಗಲಿಲ್ಲ. ಆಮೇಲೆ ಎಡಗಣ್ಣಿನ ರೆಪ್ಪೆ ಜೋತುಬೀಳತೊಡಗಿತು. ರಾತ್ರಿ ಊಟಕ್ಕೆ ಕುಳಿತರೆ ಅರ್ಧ ಜೋಳದ ರೊಟ್ಟಿ ಮುಗಿಯುವಷ್ಟರಲ್ಲಿ ದವಡೆ ಸೋತು, ಗದ್ದಕ್ಕೆ ಕೈಕೊಟ್ಟು ಅಗಿಯಬೇಕಾಗುತ್ತಿತ್ತು. ಮಗನ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ನೆಗಡಿಯಾದವರ ಹಾಗೆ ಧ್ವನಿ ಮೂಗಿನಿಂದ ಬರುತ್ತಿತ್ತು.

“ವಯಸ್ಸಾತಲ್ಲ, ಅದಕ್ಕ ಹಂಗ” ಎಂದರು ಬೀಗರು, ನೆರೆಯವರು.

ಕಣ್ಣಿಗೆ ಕಣ್ಣಿನ ಡಾಕ್ಟರು, ದವಡೆಗೆ ಹಲ್ಲಿನ ಡಾಕ್ಟರು, ಧ್ವನಿಗೆ ಗಂಟಲಿನ ಡಾಕ್ಟರು ನೋಡಿದರು. ಪಾರ್ಶ್ವವಾಯು ಇರಬಹುದೇನೋ ಎಂದು ಮೆದುಳಿನ ಸ್ಕ್ಯಾನ್ ಆಯಿತು. ಥೈರಾಯ್ಡ್ ಪರೀಕ್ಷೆ ಆಯಿತು. ಎಲ್ಲದರಲ್ಲೂ ‘ನಾರ್ಮಲ್’ ಎಂದೇ ಬರೆದಿತ್ತು. ಎಲ್ಲರೂ ಕಾಳಜಿಯಿಂದಲೇ ನೋಡಿದರು. ಆದರೆ ಪ್ರತಿಯೊಬ್ಬರಿಗೂ ಸಿಕ್ಕಿದ್ದು ಕಾಯಿಲೆಯ ಒಂದೊಂದು ತುಣುಕು. ಅದರ ಮೇಲೆ, ನನ್ನ ಸರದಿ ಬರುತ್ತಿದ್ದದ್ದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ. ರಾತ್ರಿಯಿಡೀ ಮಲಗಿ ಎದ್ದ ಮೈ ಆಗ ಸರಿಯಾಗಿಯೇ ಇರುತ್ತಿತ್ತು.

ಒಂದು ರಾತ್ರಿ ಕುಡಿದ ಮಜ್ಜಿಗೆ ಮೂಗಿನಿಂದ ಹೊರಬಂತು. ಉಸಿರು ಸಿಕ್ಕಿಕೊಂಡು ಬಹಳ ಹೊತ್ತು ಕೆಮ್ಮಿದೆ. ನನ್ನ ಹೆಂಡತಿ ಅಳತೊಡಗಿದಳು. ಮರುದಿನ ಮೊಮ್ಮಗಳು ಗ್ರಾಫ್ ಹಾಳೆಯ ವಹಿ ಹಿಡಿದುಕೊಂಡು ಬಂದಳು.

“ಅಜ್ಜಾ, ಮುಂಜಾನೆ ನಿನ್ನ ಕಣ್ಣು ಛಲೋ ಇರ್ತಾವು. ಸಂಜೀಕೆ ಸಣ್ಣ ಆಗ್ತಾವು. ಯಾವಾಗ ಎಷ್ಟು ಅಂತ ನಾ ಬರದಿಡ್ತೀನಿ.”

ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಏಳಕ್ಕೆ ಹೀಗೆ ದಿನಕ್ಕೆ ಮೂರು ಸಲ ನನ್ನ ಮುಖದ ಫೋಟೋ ತೆಗೆದಳು. ಉದ್ದಕ್ಕೆ ಉಸಿರು ಎಳೆದುಕೊಂಡು, ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಿದಳು. ಬೆಳಿಗ್ಗೆ 41ರವರೆಗೆ ಹೋಗುತ್ತಿದ್ದವನು ಸಂಜೆ 27ಕ್ಕೇ ನಿಲ್ಲುತ್ತಿದ್ದೆ. ಹದಿನೈದು ದಿನದಲ್ಲಿ ವಹಿಯ ಗೆರೆಗಳೆಲ್ಲ ಒಂದೇ ಕಡೆ ಇಳಿದಿದ್ದವು: ಬೆಳಿಗ್ಗೆ ಮೇಲೆ, ಸಂಜೆಗೆ ಕೆಳಗೆ.

ಆ ವಹಿ ತೆಗೆದುಕೊಂಡು ಹುಬ್ಬಳ್ಳಿಯಲ್ಲಿ ಒಬ್ಬ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಪುಟ ತಿರುವಿ, ಸಂಜೆಯ ಫೋಟೋಗಳನ್ನು ನೋಡಿ, “ಮಾಸ್ತರ್ರ, ಸ್ವಲ್ಪ ಹೊತ್ತು ರೆಪ್ಪೆ ಬಡಿಯದ ಮ್ಯಾಲಿನ ಫ್ಯಾನ್ ನೋಡ್ರಿ” ಅಂದರು. ಒಂದು ನಿಮಿಷ ದಾಟುವಷ್ಟರಲ್ಲಿ ಎಡರೆಪ್ಪೆ ಅಂಗಡಿಯ ಬಾಗಿಲಿನ ಹಾಗೆ ಮೆಲ್ಲಗೆ ಇಳಿಯಿತು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಐಸನ್ನು ಅದರ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು! ಮೊಮ್ಮಗಳು ಅಲ್ಲಿಯೇ ಚಪ್ಪಾಳೆ ತಟ್ಟಿದಳು.

ಆಮೇಲೆ ನರಕ್ಕೆ ಸಣ್ಣ ವಿದ್ಯುತ್ತನ್ನು ಮತ್ತೆ ಮತ್ತೆ ಕೊಟ್ಟು ಸ್ನಾಯುವಿನ ಉತ್ತರವನ್ನು ಅಳೆದರು. ಸಲದಿಂದ ಸಲಕ್ಕೆ ಉತ್ತರ ಚಿಕ್ಕದಾಗುತ್ತ ಹೋಯಿತು. ಕೆಲವು ದಿನಗಳ ಮೇಲೆ ರಕ್ತಪರೀಕ್ಷೆಯ ವರದಿಯೂ ಬಂತು. ಒಗಟಿಗೆ ಉತ್ತರ ಸಿಕ್ಕಿತು: ಮಯಸ್ತೇನಿಯಾ ಗ್ರೇವಿಸ್.

ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಮಾಡುವ ಕೆಲಸ ತಿಳಿಯುವುದು ಸುಲಭ. ಕೈ ಎತ್ತಬೇಕು ಎಂದು ಮೆದುಳು ಅಂದುಕೊಂಡರೆ, ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಡುತ್ತದೆ. ಅದನ್ನು ಒಂದು ಕಾಗದ ಎಂದುಕೊಳ್ಳಿ. ಸ್ನಾಯುವಿನ ಮೇಲೆ ಆ ಕಾಗದ ಬೀಳಬೇಕಾದ ಟಪಾಲು ಡಬ್ಬಿಗಳಿವೆ. ನಮ್ಮನ್ನು ರೋಗಾಣುಗಳಿಂದ ಕಾಯಬೇಕಾದ ಪ್ರತಿಕಾಯಗಳು ತಪ್ಪಾಗಿ ತಿಳಿದು, ಈ ಡಬ್ಬಿಗಳ ಮೇಲೆಯೇ ದಾಳಿ ಮಾಡುತ್ತವೆ. ಕೆಲವು ಡಬ್ಬಿಗಳ ಬಾಯಿ ಮುಚ್ಚುತ್ತದೆ, ಕೆಲವು ನಾಶವಾಗುತ್ತವೆ. ನರ ಮೇಲಿಂದ ಮೇಲೆ ಕೆಲಸ ಮಾಡಿದಾಗ ಅದು ಕಳಿಸುವ ಕಾಗದಗಳೂ ಸಲಸಲಕ್ಕೆ ಕಡಿಮೆಯಾಗುತ್ತವೆ. ಡಬ್ಬಿಗಳು ಸಾಕಷ್ಟಿದ್ದರೆ ಇದು ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಸ್ನಾಯು ಸೋಲುತ್ತದೆ, ವಿಶ್ರಾಂತಿ ಸಿಕ್ಕರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಕಾವಲುಗಾರನೇ ಮನೆಯವರನ್ನು ಹೊಡೆಯುವಂಥ ಇಂಥವನ್ನು ಆಟೊಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಜ್ಜನ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

ಈ ಒಗಟು ಬಹಳ ಹಳೆಯದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ಬಹಳ ಹೊತ್ತು ಮಾತಾಡಿದರೆ ಮಾತೇ ನಿಂತುಹೋಗುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ 1672ರಲ್ಲೇ ಬರೆದಿದ್ದ. 1934ರಲ್ಲಿ ಲಂಡನ್ನಿನ ವೈದ್ಯೆ ಮೇರಿ ವಾಕರ್ ಒಂದು ವಿಷಯವನ್ನು ಗಮನಿಸಿದರು. ಈ ಕಾಯಿಲೆಯ ಲಕ್ಷಣಗಳು ದಕ್ಷಿಣ ಅಮೆರಿಕದ ಬಾಣದ ವಿಷ ಕ್ಯುರಾರೆ ತಗುಲಿದವರ ಲಕ್ಷಣಗಳ ಹಾಗೆಯೇ ಇದ್ದವು. ಹಾಗಾದರೆ ಆ ವಿಷಕ್ಕೆ ಕೊಡುವ ಔಷಧ ಇದಕ್ಕೂ ಆದೀತೇ? ಕೊಟ್ಟು ನೋಡಿದರು. ಕೆಲವು ಗಂಟೆಗಳ ಮಟ್ಟಿಗೆ ರೋಗಿಗೆ ಶಕ್ತಿ ಮರಳಿತು. 1973ರಲ್ಲಿ ಅಮೆರಿಕದ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್, ವಿದ್ಯುತ್ ಹೊಮ್ಮಿಸುವ ಈಲ್ ಮೀನಿನಿಂದ ತೆಗೆದ ಆ ‘ಡಬ್ಬಿ’ಗಳನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ದೇಹದಲ್ಲಿ ಅವುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಮೊಲಗಳೂ ಸೋತು ಮಲಗಿದವು. ತಪ್ಪು ಕಾವಲುಗಾರನದೇ ಎಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಹಾಗೆ.

ನಾನು ಈಗ ಪಿರಿಡೋಸ್ಟಿಗ್ಮೈನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದು ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆದು, ಕೆಲವು ಗಂಟೆ ಶಕ್ತಿ ಕೊಡುತ್ತದೆ. ಊಟಕ್ಕೆ ಸ್ವಲ್ಪ ಮುಂಚೆ ನುಂಗಿದರೆ ರೊಟ್ಟಿ ಅಗಿಯಲು ಬರುತ್ತದೆ. ಪ್ರತಿಕಾಯಗಳ ಹಾವಳಿ ತಗ್ಗಿಸಲು ಸ್ಟೀರಾಯ್ಡ್ ಕೂಡ ಇದೆ. ಕೆಲವರಿಗೆ ಎದೆಯ ಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುವುದರಿಂದ ಎದೆಯ ಸ್ಕ್ಯಾನ್ ಮಾಡುತ್ತಾರೆ, ನನಗೆ ಇರಲಿಲ್ಲ. ಕಾಯಿಲೆ ಪೂರ್ತಿ ಹೋಗಿಲ್ಲ. ಮಧ್ಯಾಹ್ನ ಒಂದು ತಾಸು ಮಲಗಲೇಬೇಕು, ಬಿಸಿಲಿಗೆ ಹೆಚ್ಚು ಹೊತ್ತು ಹೋಗುವಂತಿಲ್ಲ. ಆದರೆ ಸಂಜೆ ಪೇಪರನ್ನು ಕೊನೆಯ ಪುಟದವರೆಗೆ ಓದುತ್ತೇನೆ.

ನನ್ನ ಓರಗೆಯವರಿಗೆ ನಾಲ್ಕು ಮಾತು. ವಯಸ್ಸಿನ ಸುಸ್ತು ಬೇರೆ, ದುಡಿದಂತೆ ಹೆಚ್ಚಿ ವಿಶ್ರಾಂತಿಯಿಂದ ಇಳಿಯುವ ಸ್ನಾಯುಗಳ ಸೋಲು ಬೇರೆ. ಡಾಕ್ಟರಿಗೆ ಏನಾಗುತ್ತದೆ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ, ಏನು ಮಾಡಿದ ಮೇಲೆ ಎಂಬುದನ್ನೂ ಹೇಳಿ. ಬೇರೆ ಬೇರೆ ಡಾಕ್ಟರುಗಳ ಚೀಟಿ, ವರದಿಗಳನ್ನೆಲ್ಲ ಒಂದೇ ಚೀಲದಲ್ಲಿಟ್ಟು ಒಬ್ಬರಿಗೇ ತೋರಿಸಿ. ಈ ಕಾಯಿಲೆ ಇರುವ ಕೆಲವರಲ್ಲಿ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಕಾಣಿಸುವುದಿಲ್ಲ. ಒಂದು ವರದಿಯಲ್ಲಿ ಬರಲಿಲ್ಲ ಎಂದು ಹುಡುಕುವುದನ್ನು ಬಿಡಬೇಡಿ. ಕಾಯಿಲೆ ಗೊತ್ತಾದ ಮೇಲೆ, ಜ್ವರಕ್ಕೆ ಹೋದರೂ ಅದರ ಹೆಸರು ಹೇಳಿ. ಕೆಲವು ಆ್ಯಂಟಿಬಯಾಟಿಕ್‌ಗಳು ಇದನ್ನು ಹೆಚ್ಚಿಸಬಹುದು. ನುಂಗಲು ಆಗದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ, ಬೆಳಗಾಗುವವರೆಗೆ ಕಾಯದೆ ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಮಕ್ಕಳೇ, ನಿಮಗೊಂದು ಕೆಲಸ. ಅಜ್ಜನಿಗೋ ಅಜ್ಜಿಗೋ ಬರುವ ತೊಂದರೆ ಹೊತ್ತುಹೊತ್ತಿಗೆ ಬದಲಾಗುತ್ತಿದ್ದರೆ, ಕಾಯಿಲೆಯ ಹೆಸರನ್ನು ನೀವು ಊಹಿಸುವುದು ಬೇಡ. ಒಂದು ವಹಿ ತೆಗೆದುಕೊಳ್ಳಿ. ತಾರೀಖು, ಗಂಟೆ, ಕಂಡದ್ದು ಎಂದು ಮೂರು ಗೆರೆ ಎಳೆಯಿರಿ. ಅವರನ್ನು ಕೇಳಿ ಫೋಟೋ ತೆಗೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ವಹಿಯನ್ನು ಮರೆಯದೆ ಚೀಲದಲ್ಲಿ ಹಾಕಿಕೊಡಿ.