ಯುಗಾದಿಯ ಮುನ್ನಿನ ಮನೆಗೆಲಸ

ಫಾಲ್ಗುಣದ ಬಿಸಿಲು ಬಲಿಯುತ್ತಿದ್ದಂತೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೆಲಸಗಳು ಸಾಲುಗಟ್ಟುತ್ತವೆ. ಹಿಂಗಾರಿ ಜೋಳವನ್ನು ಚೆನ್ನಾಗಿ ಒಣಗಿಸಿ, ಬೇವಿನೆಲೆ ಬೆರೆಸಿ ತುಂಬಿಡಬೇಕು. ತೇವ ಉಳಿದರೆ ಬೂಷ್ಟು, ಹುಳು ತಪ್ಪಿದ್ದಲ್ಲ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿದು ವರ್ಷದ ಖಾರ ಕುಟ್ಟಿಸಬೇಕು. ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಬೆರೆಸಿಡಬೇಕು. ಕೌದಿಗಳನ್ನು ಒಗೆಯಬೇಕು. ಶಾವಿಗೆ, ಸಂಡಿಗೆ, ಹಪ್ಪಳಗಳಿಗೂ ಇದೇ ಬಿಸಿಲು ಬೇಕು.

10ನೆಯ ತರಗತಿಯ ಪರೀಕ್ಷೆಯೂ ಸಾಮಾನ್ಯವಾಗಿ ಇದೇ ಮಾರ್ಚ್-ಏಪ್ರಿಲ್ ದಿನಗಳಲ್ಲಿ ಬರುತ್ತದೆ. ಮಗನಿಗೆ ಓದಲು ಕೋಣೆ ಬಿಟ್ಟುಕೊಡುವ ಮನೆಯಲ್ಲಿಯೇ ಮಗಳ ಕೈಗೆ ಮೊರ ಕೊಡುವುದುಂಟು. ಸಂಡಿಗೆಯನ್ನು ಪರೀಕ್ಷೆ ಮುಗಿದ ಮೇಲೂ ಇಡಬಹುದು. ಕಳೆದ ಓದಿನ ದಿನಗಳು ಮರಳಿ ಬಾರವು. ಗಿರಣಿಗೆ ಹೋಗಿಬರುವುದು, ಕೌದಿ ಹಿಂಡುವುದು, ಜೋಳ ಹರವುವುದು ಗಂಡಸರಿಗೆ ಅಸಾಧ್ಯವೇನಲ್ಲ. ತಂದೆ-ತಾಯಿಗಳು ಇದನ್ನು ಮನಗಂಡು, ಈ ತಿಂಗಳ ಮನೆಗೆಲಸವನ್ನು ಎಲ್ಲರಿಗೂ ಹಂಚಬೇಕು.