ಅಂಚಿನಿಂದ ಶುರುವಾಗುವ ಕವಂದಿ

ಮೊಣಕಾಲಲ್ಲಿ ಹರಿದ ಪ್ಯಾಂಟು, ಬಣ್ಣ ಹೋದ ನೈಟಿ, ಸೆರಗೊಂದೇ ಗಟ್ಟಿ ಉಳಿದ ಸೀರೆ, ಸವೆದ ಲುಂಗಿ. ಬೇರೆ ಮನೆಗಳಲ್ಲಾದರೆ ಇವು ನೆಲ ಒರೆಸುವ ಬಟ್ಟೆಯಾಗುತ್ತವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮನೆಗಳಲ್ಲಿ ಇವೆಲ್ಲ ಒಂದು ಗಂಟು ಸೇರುತ್ತವೆ. ಗಂಟು ಸಾಕಷ್ಟು ದಪ್ಪಗಾಯಿತು ಅನ್ನಿಸಿದ ದಿನ ಕವಂದಿ ಶುರು.

ಉತ್ತರ ಕರ್ನಾಟಕದವರಿಗೆ ಕೌದಿಯ ಪರಿಚಯ ಹೇಳಬೇಕಿಲ್ಲ. ಕವಂದಿ ಅದರ ಒಡಹುಟ್ಟು. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಲ್ಲವೂ ಇದೇ ಬಳಗ. ಹಳೆಯ ಅರಿವೆಯನ್ನು ಪದರ ಪದರವಾಗಿ ಹಾಸಿ, ಸೂಜಿ ಮೇಲೆ ಕೆಳಗೆ ಆಡಿಸುತ್ತ ಸಾದಾ ಹೊಲಿಗೆ ಹಾಕುವುದು ಎಲ್ಲ ಕಡೆಗೂ ಒಂದೇ. ಆದರೆ ಸಿದ್ದಿ ಹೆಂಗಸರು ಹೊಲಿಯುವ ಕ್ರಮ ಬೇರೆ. ಅದನ್ನು ನೋಡಲು ಅವರ ಪಕ್ಕದಲ್ಲೇ ಕೂರಬೇಕು.

ಮೊದಲು ಒಂದು ಹಳೆಯ ಸೀರೆಯನ್ನೋ ದೊಡ್ಡ ಬಟ್ಟೆಯನ್ನೋ ನೆಲದ ಮೇಲೆ ಹರಡುತ್ತಾರೆ. ಒಂದು ಮೂಲೆಯಲ್ಲಿ ತುಂಡೊಂದನ್ನು ಇಟ್ಟು, ಅದರ ಅಂಚನ್ನು ಒಳಕ್ಕೆ ಮಡಿಸಿ ಉಗುರಿನಲ್ಲಿ ತೀಡಿ, ಸೂಜಿ ಹಾಕುತ್ತಾರೆ. ಗುಂಡುಸೂಜಿ ಇಲ್ಲ, ಸೀಮೆಸುಣ್ಣದ ಗುರುತಿಲ್ಲ, ಕಾಗದದ ಮೇಲೆ ನಕ್ಷೆಯೂ ಇಲ್ಲ. ಮೊದಲ ತುಂಡಿನ ಹೊಲಿಗೆ ಕೊನೆಗೆ ಬರುವಷ್ಟರಲ್ಲಿ ಎರಡನೆಯದನ್ನು ಅದರ ಅಡಿಗೆ ತೂರಿಸಿಯಾಗಿರುತ್ತದೆ. ಹೀಗೆ ನಾಲ್ಕೂ ಅಂಚು ಒಂದು ಸುತ್ತು ಬಂದರೆ, ಅದರ ಒಳಗೆ ಇನ್ನೊಂದು ಸುತ್ತು, ಮತ್ತೊಂದು. ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗ. ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಂತರೆ ಕವಂದಿ ಮುಗಿದಂತೆ.

ನಡುವೆಯೇ ಕೈಚಳಕದ ಪರೀಕ್ಷೆ. ದಾರ ಸ್ವಲ್ಪ ಬಿಗಿಯಾಗಿ ಎಳೆದರೂ ಬಟ್ಟೆ ಒಳಕ್ಕೆ ಸರಿಯುತ್ತ ಹೋಗಿ, ಕೊನೆಗೆ ಮಧ್ಯದಲ್ಲಿ ಪೂರಿಯಂತೆ ಉಬ್ಬಿ ಕೂರುತ್ತದೆ. ಅಷ್ಟು ಹೊತ್ತಿಗೆ ಬಿಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲ. ಅನುಭವಸ್ಥರು ಆಗಾಗ ಅಂಗೈಯಿಂದ ಬಟ್ಟೆಯನ್ನು ಸವರುತ್ತಲೇ ಮುಂದಕ್ಕೆ ಹೋಗುತ್ತಾರೆ.

ನಾಲ್ಕು ಮೂಲೆಗಳಿಗೆ ‘ಫುಲಾ’ ಬೇಕೇ ಬೇಕು. ಫುಲಾ ಎಂದರೆ ಹೂವು: ಚೌಕದ ತುಂಡುಗಳನ್ನು ತ್ರಿಕೋನವಾಗಿ ಮಡಿಸಿ, ಒಂದರ ಮೇಲೊಂದು ಪೇರಿಸಿ ಮೂಲೆಗೆ ಕೂರಿಸಿದ್ದು. ಅದರಿಂದ ಬೆಚ್ಚಗೇನೂ ಆಗುವುದಿಲ್ಲ. ಆದರೂ ಫುಲಾ ಇಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ ಹೊಲಿಯುವವರು. ಬಡತನದ ತೇಪೆ ಎಂದು ಇದನ್ನು ತಳ್ಳಿಹಾಕುವವರು ಒಮ್ಮೆ ಈ ಮೂಲೆಗಳನ್ನು ನೋಡಬೇಕು.

ಸಿದ್ದಿಗಳು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಪೀಳಿಗೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ದೇವರು ಬೇರೆಯಾದರೂ ಕವಂದಿ ಎಲ್ಲರದೂ. ಕ್ರೈಸ್ತರ ಮನೆಯ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣುವುದುಂಟು.

ಕೆಲಸದ ವೇಳಾಪಟ್ಟಿ ಮಾತ್ರ ಮನೆಯದೇ. ಗದ್ದೆ, ಕೂಲಿ, ಸೌದೆ, ಅಡುಗೆ ಮುಗಿದ ಮೇಲೆ ಸಿಕ್ಕ ಒಂದು ಗಳಿಗೆಯಲ್ಲಿ ಕಾಲು ಚಾಚಿ ಕುಳಿತು ಎರಡು ಸಾಲು. ಅಷ್ಟರಲ್ಲಿ ಮಗು ಅತ್ತರೆ ಸೂಜಿಯನ್ನು ಬಟ್ಟೆಗೇ ಚುಚ್ಚಿ ಮಡಿಸಿಟ್ಟು ಎದ್ದು ಹೋಗಬಹುದು. ಬಿಟ್ಟಲ್ಲಿಂದ ಹಿಡಿಯುವುದು ಸುಲಭ, ಯಾಕೆಂದರೆ ಎಲ್ಲವೂ ಒಂದೇ ಹೊಲಿಗೆ. ‘ಹವ್ಯಾಸ’ ಎಂದು ಅವರು ಇದನ್ನು ಕರೆಯಲಿಕ್ಕಿಲ್ಲ. ಆದರೂ ತೊಟ್ಟಿಲ ಕೂಸಿಗೆಂದು ಹೊಲಿದ ಪುಟ್ಟ ಕವಂದಿಯ ಬಣ್ಣಗಳನ್ನು ನೋಡಿದರೆ, ಬರೀ ಚಳಿಗಾಗಿ ಹೊಲಿದದ್ದು ಎಂದು ಯಾರೂ ನಂಬಲಾರರು.

ಈ ಹೊಲಿಗೆ ಕಾಡು ದಾಟಿ ಹೋದದ್ದರ ಹಿಂದೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದ್ದಾರೆ. 2004ರ ಸುಮಾರಿಗೆ ಇಲ್ಲಿಗೆ ಬಂದ ಅವರ ಒತ್ತಾಸೆಯಿಂದ ಹೊಲಿಯುವ ಹೆಂಗಸರ ಸಹಕಾರ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಈ ಕವಂದಿಗಳು ತೂಗಿದವು. ಆಫ್ರಿಕನ್ ಅಮೆರಿಕನ್ನರ ಸಂಸ್ಕೃತಿಯ ದೊಡ್ಡ ಭಂಡಾರವಾದ ಆ ಕೇಂದ್ರಕ್ಕೆ ಹಳಿಯಾಳದ ನೈಟಿ, ಲುಂಗಿಗಳ ತುಂಡುಗಳು ತಲುಪಿದವು.

ಇಂದು ಅಮೆರಿಕದ ಹವ್ಯಾಸಿ ಹೊಲಿಗೆಯವರ ಬುಟ್ಟಿಯಲ್ಲೂ ಒಂದು ಅರ್ಧ ಮುಗಿದ ಕವಂದಿ ಸಿಗುತ್ತದೆ. ಅಲ್ಲಿನ ಕ್ವಿಲ್ಟ್ ರೂಢಿಯಲ್ಲಿ ಮೇಲಿನ ಚಿತ್ತಾರವನ್ನು ಮೊದಲು ಜೋಡಿಸಿ, ನಡುವೆ ಹತ್ತಿಯ ಪದರ, ಕೆಳಗೊಂದು ಬಟ್ಟೆ ಇಟ್ಟು ಹೊಲಿದು, ಕಟ್ಟಕಡೆಗೆ ಅಂಚುಪಟ್ಟಿ ಕಟ್ಟುತ್ತಾರೆ. ಕವಂದಿಯಲ್ಲಿ ಅಂಚೇ ಮೊದಲು. ಜೋಡಣೆ, ಹೊಲಿಗೆ ಎರಡೂ ಒಟ್ಟಿಗೇ ಆಗುತ್ತವೆ, ಯಂತ್ರವೂ ಬೇಡ. ತಟ್ಟೆ ಇಡುವ ಚಾಪೆಯಷ್ಟು ಸಣ್ಣದನ್ನು ಹೊಲಿದು ಖುಷಿಪಡುವವರೂ ಇದ್ದಾರೆ. ತಪ್ಪೇನಿಲ್ಲ. ಕಲಿತದ್ದು ಯಾರಿಂದ ಎಂದು ಹೇಳಿದರಾಯಿತು.

ಇಲ್ಲಿ ತೊಂದರೆ ಬೇರೆ. ತೊಳೆದು ತೊಳೆದು ಮೆತ್ತಗಾದ ನೂಲಿನ ಸೀರೆ ಈಗ ಅಪರೂಪ. ಪಾಲಿಯೆಸ್ಟರ್ ಸೀರೆ ಬೇಗ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಮಡಿಸಿದ ಅಂಚು ನಿಲ್ಲದೆ ಜಾರುತ್ತದೆ. ಪೇಟೆಯಲ್ಲಿ ತೇಪೆಯ ಚಿತ್ರವನ್ನು ಯಂತ್ರದಲ್ಲಿ ಅಚ್ಚೊತ್ತಿದ ಹೊದಿಕೆಗಳೂ ಬಂದಿವೆ. ಅವುಗಳ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಕೈ ತುರಿಸಿದರೆ ನೀವೂ ಹೊಲಿಯಬಹುದು. ದಿಂಬಿನ ಅಳತೆಯಿಂದ ಶುರು ಮಾಡಿ. ಬೀರುವಿನ ತಳದಲ್ಲಿರುವ ನೂಲಿನ ಬಟ್ಟೆಗಳನ್ನು ಮಾತ್ರ ಆರಿಸಿ, ಒಮ್ಮೆ ಒಗೆದು ಒಣಗಿಸಿ, ದಪ್ಪ ದಾರ ತೆಗೆದುಕೊಳ್ಳಿ. ಮೂಲೆಗಳಿಗೆ ಫುಲಾ ಇಡಲು ಮರೆಯಬೇಡಿ.